ನನ್ನನ್ನೂ ಗಡೀಪಾರು ಮಾಡಿ ಉಪಕರಿಸಿ

ವಿದೇಶೀಯರ ವಾಸ್ತವ್ಯ ಮತ್ತು ಸದ್ವರ್ತನೆ ಇಲಾಖೆಯ ಉಪನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಮೇಜಿನ ಮೇಲಿನ ಮೂರು ಮೊಹರುಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಇದೇ ಊರಿನ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಜನರ ಬಾಯಿ ತೆಗೆಸುವ ಕೆಲಸ ಮಾಡಿಕೊಂಡು ಬಂದಿರುವ ದಂತವೈದ್ಯೆ. ಬಾಯಿ ಮುಚ್ಚಿಸುವ ಕೆಲಸದಲ್ಲಿರುವ ತಮಗೂ ನನಗೂ ವೃತ್ತಿಯಲ್ಲಿ ಇಷ್ಟು ಹತ್ತಿರದ ನಂಟಿದ್ದರೂ ಈವರೆಗೆ ಒಂದು ಕಾಗದ ಬರೆಯದೆ ಇದ್ದದ್ದು ನನ್ನದೇ ತಪ್ಪು. ಮೊದಲಿಗೆ ಅದಕ್ಕೆ ಕ್ಷಮೆ ಇರಲಿ.

ಕಳೆದ ತಿಂಗಳು ತಾವು ದೇಶದ ಹಿತದೃಷ್ಟಿಯಿಂದ ಹೊರಗೆ ಕಳುಹಿಸಿಕೊಟ್ಟ ಅಪಾಯಕಾರಿ ವ್ಯಕ್ತಿ ನನ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷ ಹಲ್ಲಿನ ಸೆಟ್ಟು ಮಾಡಿಕೊಂಡಿದ್ದವನು. ತಮ್ಮ ಕಡತದಲ್ಲಿ ಅವನಿಗೆ ಹನ್ನೊಂದು ಅಂಕಿಗಳ ಸಂಖ್ಯೆಯಿದೆ. ನಮ್ಮ ಬೀದಿಯವರಿಗೆ ಅಷ್ಟುದ್ದ ನೆನಪಿಡಲು ಬಾರದೆ ‘ಹಲ್ಲಪ್ಪ’ ಎಂದು ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅವನ ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ನರ್ಸು. ತಮ್ಮ ನಿಯಮದ ಪ್ರಕಾರ ಆಕೆಯ ಪರವಾನಗಿಯನ್ನು ಗಂಡನ ಪರವಾನಗಿಯ ಬಾಲಕ್ಕೆ ಗಂಟುಹಾಕಿದ್ದರಿಂದ, ಅವನು ಆಡಿದ ಮಾತಿಗೆ ಆಕೆಯೂ ಸಮಾನ ಲೇಖಕಿಯೆಂದು ಇಲಾಖೆ ಪರಿಗಣಿಸಿದ್ದು ದಾಂಪತ್ಯಕ್ಕೆ ಸಂದ ಗೌರವವೆಂದೇ ನಾನು ಭಾವಿಸಿದ್ದೇನೆ.

ಹಲ್ಲಪ್ಪನ ಕೆಲಸದ ಕ್ರಮವನ್ನು ಎರಡು ಮಾತಿನಲ್ಲಿ ತಿಳಿಸುವುದು ಅಗತ್ಯ. ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟ ಮೇಲೆ ಅವನು ಸೆಟ್ಟನ್ನು ರೋಗಿಯ ಬಾಯಿಗಿಟ್ಟು ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. “ಸುಮ್ನೆ ಇದ್ರೆ ಯಾವ ಸೆಟ್ಟಾದ್ರೂ ಸರಿಯಾಗೇ ಇರುತ್ತೆ. ಹಲ್ಲು ಕೂರೋದು ಮಾತಲ್ಲಿ. ಮಾತಾಡಿ, ಏನು ಬೇಕಾದ್ರೂ ಮಾತಾಡಿ,” ಎನ್ನುತ್ತಿದ್ದ. ಹೊಸ ಹಲ್ಲು ಬಂದವರ ಮೊದಲ ಮಾತು ಒಂದೋ ಅಳಿಯನ ಮೇಲೆ, ಇಲ್ಲವೋ ಸರ್ಕಾರದ ಮೇಲೆ ಎಂಬುದು ನನ್ನ ಇಷ್ಟು ವರ್ಷಗಳ ಅನುಭವ. ಅವರು ಬೈದು ಮುಗಿಸುವ ತನಕ ಹಲ್ಲಪ್ಪ ಕಿವಿಗೊಟ್ಟು ಕೇಳಿ, “‘ಭ್ರಷ್ಟರು’ ಅಂದಾಗ ಎಡಗಡೆ ಗಾಳಿ ಹೋಗ್ತಿದೆ, ಇನ್ನೊಂದ್ಸಲ ಅನ್ನಿ,” ಎಂದು ಅರದಿಂದ ಒಂದು ಚೂರು ಉಜ್ಜಿ ಕೊಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಅವನು ಸ್ವತಃ ಸರ್ಕಾರದ ಬಗ್ಗೆ ಒಂದಕ್ಷರ ಆಡಿದ್ದನ್ನು ನಾನು ಕೇಳಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ತಮ್ಮ ಇಲಾಖೆಯ ಮಂತ್ರಿಗಳು ಟೀವಿಯಲ್ಲಿ ‘ಅತಿಥಿ ಶಿಷ್ಟಾಚಾರ ನಿಯಮಾವಳಿ’ಯನ್ನು ಲೋಕಾರ್ಪಣೆ ಮಾಡಿದರು. ವಿದೇಶೀಯರು ಈ ನೆಲದಲ್ಲಿ ಏನನ್ನು ಬೇಕಾದರೂ ಯೋಚಿಸಲು ಸಂಪೂರ್ಣ ಸ್ವತಂತ್ರರು, ಆದರೆ ಬಾಯಿಬಿಟ್ಟು ಹೇಳುವಾಗ ಹವಾಮಾನ, ಆರೋಗ್ಯ ಮತ್ತು ನಮ್ಮ ರಸ್ತೆಗಳ ಅಂದಚೆಂದಕ್ಕೆ ಸೀಮಿತರಾಗಿರತಕ್ಕದ್ದು ಎಂಬುದು ಅದರ ಸಾರಾಂಶ. ಮಂತ್ರಿಗಳ ಕಟ್ಟಿಸಿದ ಹಲ್ಲು ಯಾರ ಕೈಕೆಲಸವೋ ನಾನರಿಯೆ. ‘ಸ್ವಾತಂತ್ರ್ಯ’ ಎಂದಾಗಲೆಲ್ಲ ಅದು ಕುಕ್ಕರಿನ ಹಾಗೆ ಶಿಳ್ಳೆ ಹೊಡೆಯುತ್ತಿತ್ತು. ಅವರು ಆ ಪದವನ್ನು ಹತ್ತೊಂಬತ್ತು ಸಲ ಬಳಸಿದರು, ಕೆಳಗೆ ಚಪ್ಪಲಿ ಅಂಗಡಿಯ ನಾಯಿ ಹತ್ತೊಂಬತ್ತು ಸಲ ಎದ್ದು ನಿಂತಿತು.

ನನ್ನ ಹೊರಕೋಣೆಯಲ್ಲಿ ಕೂತಿದ್ದವರೆಲ್ಲ, ದವಡೆ ಊದಿದ್ದವರೂ ಸೇರಿದಂತೆ, ಬಿದ್ದು ಬಿದ್ದು ನಕ್ಕರು. ಕೈಯೆಲ್ಲ ಪ್ಲಾಸ್ಟರು ಮಾಡಿಕೊಂಡು ಬಾಗಿಲಲ್ಲಿ ನಿಂತು ಪೂರ್ತಿ ಭಾಷಣ ಕೇಳಿದ ಹಲ್ಲಪ್ಪ ಮಾತ್ರ ನಗಲಿಲ್ಲ. “ನಿಯಮ ಇಲ್ದಿದ್ದಾಗ ನಾನು ಸುಮ್ನೇ ಇದ್ದೆ ಡಾಕ್ಟ್ರೇ. ಈಗ ಸುಮ್ನಿರು ಅಂದ್ಮೇಲೆ ಯಾಕೋ ಮಾತಾಡ್ಬೇಕು ಅನ್ನಿಸ್ತಿದೆ,” ಎಂದ. ಕೈ ಒರೆಸಿಕೊಂಡ. ಫೋನು ತೆಗೆದು, ಆ ಭಾಷಣದ ವಿಡಿಯೋದ ಕೆಳಗೆ ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಹೀಗೆ ಬರೆದ: “ಹಲ್ಲು ನಾನು ಸರಿ ಮಾಡಿಕೊಡುತ್ತೇನೆ. ಮಾತು ಮಂತ್ರಿಗಳೇ ಸರಿ ಮಾಡಿಕೊಳ್ಳಬೇಕು.”

ಸಂಜೆಯೊಳಗೆ ನಾಲ್ಕು ಸಾವಿರ ಜನ ಅದಕ್ಕೆ ಹೆಬ್ಬೆರಳೆತ್ತಿದರು. ಆರನೆಯ ದಿನ ತಮ್ಮ ನೋಟೀಸು ಬಂತು. ಎಂಟು ಪದಗಳಿಗೆ ಹದಿನಾಲ್ಕು ಪುಟಗಳ ಉತ್ತರ! ನಮ್ಮಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರೂ ಅರ್ಧ ಪುಟ ಬಾರದ ಕಚೇರಿಗಳಿರುವಾಗ, ಒಬ್ಬ ಹಲ್ಲು ಕಟ್ಟುವವನ ಮಾತನ್ನು ಇಷ್ಟು ಗಮನವಿಟ್ಟು ಓದಿದ ಇಲಾಖೆಯಿರುವುದು ನಮ್ಮೆಲ್ಲರ ಭಾಗ್ಯ.

ವಿಚಾರಣೆಯ ದಿನ ನಾನು, ಹಲ್ಲಪ್ಪನ ಹೆಂಡತಿ ಮತ್ತು ನನ್ನ ಕ್ಲಿನಿಕ್ಕಿನ ಮುಂದಿನ ಮೇಜು ನೋಡಿಕೊಳ್ಳುವ ನನ್ನ ನಾದಿನಿ ಅವನ ಜೊತೆಗೆ ತಮ್ಮ ಮೂರನೆಯ ಮಹಡಿಗೆ ಬಂದಿದ್ದು ತಮಗೆ ನೆನಪಿರಬಹುದು. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಿರಿ. ಆಗಂತುಕರು ಕುರ್ಚಿಗಳನ್ನು ತಂತಮ್ಮ ದೇಶಕ್ಕೆ ಒಯ್ದಾರೆಂಬ ಮುಂದಾಲೋಚನೆ ಮೆಚ್ಚತಕ್ಕದ್ದು. ಹಲ್ಲಪ್ಪನಿಗೆ ನಮ್ಮ ಭಾಷೆ ನನಗಿಂತ ಚೆನ್ನಾಗಿ ಬರುತ್ತಿದ್ದರೂ, ವಿದೇಶಿಯೆಂದ ಮೇಲೆ ಒಬ್ಬ ದುಭಾಷಿ ಇರಲೇಬೇಕೆಂದು ನೇಮಿಸಿದ್ದಿರಿ. ಆ ಹಿರಿಯರಿಗೆ ಹಲ್ಲಪ್ಪನ ಭಾಷೆ ಬಾರದು. ಆದ್ದರಿಂದ ಅವರು ತಮ್ಮ ಪ್ರಶ್ನೆಯನ್ನು ನಮ್ಮದೇ ಭಾಷೆಯಲ್ಲಿ ಇನ್ನಷ್ಟು ಜೋರಾಗಿ ಅವನಿಗೆ ಹೇಳಿದರು, ಅವನು ನಮ್ಮ ಭಾಷೆಯಲ್ಲೇ ಕೊಟ್ಟ ಉತ್ತರವನ್ನು ಅಷ್ಟೇ ಜೋರಾಗಿ ತಮಗೆ ಹೇಳಿದರು. ಇಷ್ಟು ನಿಖರವಾದ ಅನುವಾದವನ್ನು ನಾನೆಲ್ಲೂ ಕೇಳಿಲ್ಲ. ನಡುವೆ ಒಮ್ಮೆ ಹಲ್ಲಪ್ಪ ಬಗ್ಗಿ ಅವರಿಗೆ, “ಸಾರ್, ನಿಮ್ಮ ಮೇಲಿನ ಸೆಟ್ಟು ಎಡಕ್ಕೆ ಏಳ್ತಿದೆ, ಸಂಜೆ ಬನ್ನಿ,” ಎಂದ. ದುಭಾಷಿಗಳು ಅಭ್ಯಾಸಬಲದಿಂದ ಅದನ್ನೂ ತಮಗೆ ಜೋರಾಗಿ ಹೇಳಿಬಿಟ್ಟರು, ತಾವು ಬಾಯಿಗೆ ಕೈ ಹಚ್ಚಿ ನೋಡಿಕೊಂಡಿರಿ.

“ಇದನ್ನ ಯಾರಾದ್ರೂ ಬರೆಸಿದ್ರಾ?” ಎಂದು ತಾವು ಕೇಳಿದಿರಿ. “ಇಲ್ಲ ಸಾರ್. ಆದ್ರೆ ಕಾಗುಣಿತ ಡಾಕ್ಟರ ನಾದಿನಿ ನೋಡಿದ್ರು,” ಎಂದ. ನನ್ನ ನಾದಿನಿ ಎದ್ದು ನಿಂತು, “ಒಂದೇ ಒಂದು ದೀರ್ಘ ಹಾಕಿದೀನಿ, ಅಷ್ಟೇ,” ಎಂದು ಹೆಮ್ಮೆಯಿಂದ ಒಪ್ಪಿಕೊಂಡಳು. ತಾವು ಅದನ್ನು ಬರೆದುಕೊಂಡಿರಿ. ಆ ದೀರ್ಘದ ಮೇಲೆ ಈವರೆಗೆ ಯಾವ ಕ್ರಮವೂ ಜರುಗಿಲ್ಲವೆಂದು ಆಕೆ ಸ್ವಲ್ಪ ಮುನಿಸಿಕೊಂಡಿದ್ದಾಳೆ.

ಆಮೇಲೆ ತಾವು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಿರಿ. ತಮ್ಮನ್ನು ಮನಸಾರೆ ಹೊಗಳಬೇಕಾದ ಜಾಗ ಈ ಪತ್ರದಲ್ಲಿ ಇದೊಂದೇ. “ನೋಡಿ, ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡಿ. ಇಲ್ಲಿಗೇ ಮುಗಿಸಿಬಿಡೋಣ,” ಎಂದು ತಮ್ಮ ಸ್ವಂತ ಪೆನ್ನನ್ನೇ ಅವನಿಗೆ ಕೊಟ್ಟಿರಿ. ಪಕ್ಕದಲ್ಲಿದ್ದ ಅವನ ಹೆಂಡತಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಲ್ಲಪ್ಪ ಹತ್ತು ನಿಮಿಷ ಕೂತು, ಯೋಚಿಸಿ ಯೋಚಿಸಿ ಬರೆದ. ತಾವು ಅದನ್ನು ಓದಿ ಹೇಳಿದಿರಿ: “ಮಾನ್ಯ ಮಂತ್ರಿಗಳ ಹಲ್ಲನ್ನು ಸರಿ ಮಾಡಿಕೊಡುತ್ತೇನೆ ಎಂದು ಬರೆದದ್ದು ನನ್ನ ತಪ್ಪು. ಬಾಯಿಯನ್ನು ಪರೀಕ್ಷಿಸದೆ ಅಂಥ ಭರವಸೆ ಕೊಡುವುದು ವೃತ್ತಿಧರ್ಮಕ್ಕೆ ವಿರುದ್ಧ. ದಯವಿಟ್ಟು ಕ್ಷಮಿಸಬೇಕು.”

“ಸರಿ. ಮಾತಿನ ಬಗ್ಗೆ ಬರೆದ ಎರಡನೇ ವಾಕ್ಯ?” ಎಂದು ಕೇಳಿದಿರಿ.

“ಅದರಲ್ಲೂ ತಪ್ಪು ಹುಡುಕಿದೆ ಸಾರ್,” ಎಂದ ಹಲ್ಲಪ್ಪ. “ಸಿಗಲಿಲ್ಲ.”

ದುಭಾಷಿಗಳು ಅದೊಂದನ್ನು ಮಾತ್ರ ಜೋರಾಗಿ ಹೇಳಲಿಲ್ಲ. ಅವನ ಹೆಂಡತಿ ನನ್ನ ಕೈ ಬಿಟ್ಟುಬಿಟ್ಟಳು. ಕೋಪ ಬಂದಿರಬೇಕೆಂದುಕೊಂಡೆ. ಆಮೇಲೆ ಮೆಟ್ಟಿಲಿಳಿಯುವಾಗ ಆಕೆ ಅಳುತ್ತಲೇ ಹೇಳಿದಳು: “ಮನೇಲಿ ಬಾಗಿಲು ಜೋರಾಗಿ ಹಾಕಿದ್ರೂ ಬಾಗಿಲಿಗೇ ಸಾರಿ ಕೇಳ್ತಾನೆ ಡಾಕ್ಟ್ರೇ. ಹಾಳಾದವನು, ಇವತ್ತೊಂದಿನ ಕೇಳ್ಲಿಲ್ಲ ನೋಡಿ.” ಅವಳು ಬೈದಳೋ ಹೊಗಳಿದಳೋ ನನಗೆ ಈಗಲೂ ಗೊತ್ತಾಗಿಲ್ಲ. ಅವಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ದೇಶ ಬಿಡಲು ತಾವು ಒಂಬತ್ತು ದಿನ ಕೊಟ್ಟಿರಿ. ಆಕೆ ಹದಿನಾಲ್ಕು ವರ್ಷದ ಸಂಸಾರವನ್ನು ನಾಲ್ಕು ಪೆಟ್ಟಿಗೆಗೆ ಇಳಿಸುತ್ತಿದ್ದರೆ, ಹಲ್ಲಪ್ಪ ಒಪ್ಪಿಕೊಂಡಿದ್ದ ಹನ್ನೊಂದು ಸೆಟ್ಟುಗಳನ್ನು ಮುಗಿಸಲು ಕೂತ. ಆದರೆ ಒಂದು ವಿಚಿತ್ರ ತೊಂದರೆಯಾಯಿತು. ಹಲ್ಲು ಹಾಕಿಸಿಕೊಂಡವರು ಯಾರೂ ಮಾತಾಡಲೊಲ್ಲರು. ಎಲ್ಲರೂ ಇಲ್ಲೇ ಹುಟ್ಟಿದವರು, ಯಾರಿಗೂ ಪರವಾನಗಿ ಬೇಕಾಗಿಲ್ಲ. ಆದರೂ ಹಿಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ನೋಡುತ್ತ, “ಬಿಸಿಲು ಚೆನ್ನಾಗಿದೆ,” ಎನ್ನುವರು. ಮುಂದಿನವರು ಬಂದು, “ಹೌದು, ಬಿಸಿಲು ಚೆನ್ನಾಗಿದೆ,” ಎನ್ನುವರು. ಹಲ್ಲಪ್ಪ ಅರ ಹಿಡಿದುಕೊಂಡು ಅಂಗಲಾಚುತ್ತಿದ್ದ: “ಬಿಸಿಲಲ್ಲಿ ಎಲ್ಲಾ ಅಕ್ಷರ ಬರಲ್ಲ ಸಾರ್. ಬೇರೆ ಏನಾದ್ರೂ ಹೇಳಿ. ಅಳಿಯನನ್ನಾದ್ರೂ ಬೈರಿ.”

ಕೊನೆಗೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದರು. ಎಂಬತ್ತೊಂದು ವರ್ಷ. ಸೆಟ್ಟನ್ನು ಬಾಯಿಗಿಟ್ಟುಕೊಂಡು, ಒಮ್ಮೆ ಕಚ್ಚಿ ನೋಡಿ, “ಆ ಉಪನಿರ್ದೇಶಕ ಇದಾನಲ್ಲ, ನನ್ನ ಕೈಕೆಳಗೆ ಓದಿದೋನು,” ಎಂದು ಶುರುಮಾಡಿದವರು ಕಾಲು ಗಂಟೆ ನಿಲ್ಲಿಸಲಿಲ್ಲ. ತಾವು ಐದನೆಯ ತರಗತಿಯಲ್ಲಿ ಎಲೆಕೋಸಿನ ವೇಷ ಹಾಕಿದ್ದರಿಂದ ಹಿಡಿದು ನಿಯಮಾವಳಿಯ ನಾಲ್ಕನೆಯ ಪರಿಚ್ಛೇದದ ವ್ಯಾಕರಣದ ತನಕ ಯಾವುದೂ ಬಿಟ್ಟುಹೋಗಲಿಲ್ಲ. ವರ್ಣಮಾಲೆಯ ಅಷ್ಟೂ ಅಕ್ಷರಗಳು ಸ್ವಚ್ಛವಾಗಿ ಬಂದವು. ಮಹಾಪ್ರಾಣಗಳಂತೂ ಗೋಡೆಗೆ ಬಡಿದು ವಾಪಸ್ಸು ಬಂದವು. “ಅಮ್ಮಾ, ಒಂದು ಚೂರೂ ಉಜ್ಜೋದು ಬೇಡ,” ಎಂದು ಹಲ್ಲಪ್ಪ ಅರವನ್ನು ಕೆಳಗಿಟ್ಟ. ಹೊರಕೋಣೆಯಲ್ಲಿ ಕಾದಿದ್ದವರಿಗೆ ಅದು ಕೇಳಿಸಿತ್ತು. ಆಮೇಲೆ ಒಳಗೆ ಬಂದವರು ಯಾರೂ ಬಿಸಿಲಿನ ಸುದ್ದಿ ಎತ್ತಲಿಲ್ಲ. ಹನ್ನೊಂದೂ ಸೆಟ್ಟು ಮುಗಿದವು.

ಒಂಬತ್ತನೆಯ ದಿನ ಬೆಳಿಗ್ಗೆ ತಮ್ಮ ಇಲಾಖೆಯ ವ್ಯಾನು ಬಂತು. ಬೀದಿಯ ತುಂಬ ಜನ. ಹಲ್ಲಪ್ಪ ಹಿಂದಿನ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಯಾರಿಗೂ ಕೇಳಿಸದ ಹಾಗೆ, “ತಪ್ಪು ಮಾಡಿದೆನಾ ಡಾಕ್ಟ್ರೇ?” ಎಂದು ಕೇಳಿದ. ಇಪ್ಪತ್ತಾರು ವರ್ಷ ‘ಬಾಯಿ ತೆಗೀರಿ, ಇನ್ನೂ ಸ್ವಲ್ಪ, ದೊಡ್ಡದಾಗಿ’ ಎಂದು ಊರಿಗೆಲ್ಲ ಹೇಳಿದವಳು ನಾನು. ನನ್ನ ಬಾಯಿಗೆ ಬಂದದ್ದು, “ದಾರೀಲಿ ನೀರು ಜಾಸ್ತಿ ಕುಡೀರಿ,” ಎಂಬ ಮಾತು. ವ್ಯಾನು ತಿರುವಿನಲ್ಲಿ ಮರೆಯಾಯಿತು. ನಾದಿನಿ ನನ್ನ ಮುಖ ನೋಡಿ, “ನೀರಾ ಅತ್ತಿಗೆ?” ಎಂದಳು, ಅಷ್ಟೇ.

ಮಾನ್ಯರೇ, ಆ ಉತ್ತರದ ನಾಚಿಕೆ ನನ್ನನ್ನು ಮಾರನೆಯ ದಿನವೇ ತಮ್ಮ ಕಚೇರಿಯ ಎರಡನೆಯ ಕೌಂಟರಿಗೆ ಎಳೆತಂದಿತು. ಅಲ್ಲಿ ಕೂತಿದ್ದ ಗುಮಾಸ್ತೆಯ ಮುಂದೆ ನಿಂತು, “ಹಲ್ಲು ನಾನು ಸರಿ ಮಾಡಿಕೊಡುತ್ತೇನೆ. ಮಾತು ಮಂತ್ರಿಗಳೇ ಸರಿ ಮಾಡಿಕೊಳ್ಳಬೇಕು,” ಎಂದು ಸ್ಪಷ್ಟವಾಗಿ ಹೇಳಿ, ಬರೆದು, ಸಹಿ ಮಾಡಿಕೊಟ್ಟೆ. ಆಕೆ ಓದಿ ನಕ್ಕು, “ನೀವು ಇಲ್ಲಿಯವರಲ್ವಾ ಮೇಡಂ, ನೀವು ಹೇಳಬಹುದು,” ಎಂದಳು. “ಅದೇ ಮಾತು ಕಣಮ್ಮಾ,” ಎಂದೆ. “ಅದೇ ಮಾತೇ, ಆದ್ರೆ ಬಾಯಿ ಬೇರೆ,” ಎಂದಳು. ಮೂವತ್ತೆರಡು ಹಲ್ಲು, ಒಂದು ನಾಲಿಗೆ, ಎರಡು ದವಡೆ. ಬಾಯಿಯನ್ನು ಇಷ್ಟು ವರ್ಷ ಓದಿದರೂ ಅದರಲ್ಲಿ ಪೌರತ್ವ ಎಲ್ಲಿರುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ. ಇನ್ನೆರಡು ಸಲ ಹೋಗಿ ಹೇಳಿದೆ. ಮೂರನೆಯ ಸಲ ನನಗೆ ಕೂರಲು ಕುರ್ಚಿಯನ್ನೂ ಕೊಟ್ಟರು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಬಿನ್ನಹವೆಂದರೆ, ನನ್ನನ್ನೂ ಗಡೀಪಾರು ಮಾಡಬೇಕು. ಎಲ್ಲಿಗೆಂಬ ಕಷ್ಟ ತಮಗೆ ಬರುತ್ತದೆಂದು ಬಲ್ಲೆ. ನಾನು ಹುಟ್ಟಿದ ಮನೆ ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆಗಿದೆ, ಬೇಕಾದರೆ ಅಲ್ಲಿಗೇ ಬಿಟ್ಟುಬಿಡಿ, ವ್ಯಾನಿನಲ್ಲೇ ಬರುತ್ತೇನೆ. ಅದಾಗದಿದ್ದರೆ ಇನ್ನೊಂದು ಸಂದೇಹವನ್ನಾದರೂ ಪರಿಹರಿಸಿ. ಈ ಊರಿನ ಕಡಿಮೆಯೆಂದರೂ ಆರುನೂರು ಬಾಯಿಗಳಲ್ಲಿ ಹಲ್ಲಪ್ಪ ಮಾಡಿದ ಹಲ್ಲಿದೆ. ಆ ಮುಖ್ಯೋಪಾಧ್ಯಾಯಿನಿ ಪ್ರತಿ ಮಂಗಳವಾರ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ತಮ್ಮ ನಿಯಮಾವಳಿಯ ಬಗ್ಗೆ ಮಾತಾಡುತ್ತಿದ್ದಾರೆ. ನಾಲಿಗೆ ಸ್ವದೇಶಿ, ಹಲ್ಲು ವಿದೇಶಿ ಕೈಕೆಲಸ. ಇಂಥಲ್ಲಿ ‘ತ, ಥ, ದ, ಧ, ನ’ ಎಂಬ ದಂತ್ಯಾಕ್ಷರಗಳನ್ನಷ್ಟೇ ಬಿಟ್ಟು ಮಾತಾಡಬೇಕೆ, ಅಥವಾ ಮೇಲಿನ ಸಾಲನ್ನು ಮಾತ್ರ ಬಿಚ್ಚಿ ಅದರ ದೇಶಕ್ಕೆ ಕಳುಹಿಸಿಕೊಡಬೇಕೆ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು. ಹದಿನಾಲ್ಕು ಪುಟವಾದರೂ ಓದುತ್ತೇನೆ.

ನಿನ್ನೆ ಹಲ್ಲಪ್ಪನ ಹೆಂಡತಿಯ ಕಾಗದ ಬಂತು. ಆಕೆಗೆ ಒಂದು ಶಾಲೆಯ ದವಾಖಾನೆಯಲ್ಲಿ ಕೆಲಸ ಸಿಕ್ಕಿದೆಯಂತೆ. ಅವನು ತನ್ನ ದೇಶದ ಪುರಸಭೆಯವರನ್ನು ನಲ್ಲಿಯಲ್ಲಿ ನೀರೇಕೆ ಬರುವುದಿಲ್ಲವೆಂದು ಕೇಳಿದ್ದಕ್ಕೆ, ‘ಪರದೇಶದ ಗಾಳಿ ಹೊಡೆಸಿಕೊಂಡು ಬಂದಿದ್ದಾನೆ’ ಎಂದು ಅಲ್ಲಿ ಮಾತಾಗಿದೆಯಂತೆ. ನಮ್ಮ ಗಾಳಿಗೆ ಅಷ್ಟು ಕೀರ್ತಿ ಬಂದದ್ದನ್ನು ತಮ್ಮ ಗಮನಕ್ಕೆ ತರಲು ಸಂತೋಷವಾಗುತ್ತದೆ. ಅವಳಿಗೆ ಉತ್ತರ ಬರೆದಿದ್ದೇನೆ. ಬೀದಿಯಲ್ಲಿ ನಿಂತು ಕೊಡಬೇಕಾಗಿದ್ದ ಉತ್ತರವನ್ನು ಮೊದಲನೆಯ ಸಾಲಿನಲ್ಲೇ ಹಾಕಿದ್ದೇನೆ: “ನಿನ್ನ ಗಂಡ ತಪ್ಪು ಮಾಡಲಿಲ್ಲ, ಅವನಿಗೆ ಜೋರಾಗಿ ಓದಿ ಹೇಳು.”

ಗಡೀಪಾರಿನ ಆದೇಶವನ್ನು ಎದುರುನೋಡುತ್ತಿರುವ,
ತಮ್ಮ ವಿಶ್ವಾಸಿ,
ಚಪ್ಪಲಿ ಅಂಗಡಿಯ ಮೇಲಿನ ದಂತವೈದ್ಯೆ

ಮರೆತ ಮಾತು: ಈ ಪತ್ರವನ್ನು ಕೊಡಲು ತಮ್ಮ ಕಚೇರಿಯ ಓಣಿಯಲ್ಲಿ ಕಾಯುತ್ತಿದ್ದಾಗ ಗೋಡೆಗೆ ತೂಗುಹಾಕಿದ ಸಲಹಾ ಪೆಟ್ಟಿಗೆಯನ್ನು ನೋಡಿದೆ. ಅದರ ಮೇಲೆ ‘ನಿಮ್ಮ ಅನಿಸಿಕೆಯನ್ನು ಧೈರ್ಯವಾಗಿ ತಿಳಿಸಿ’ ಎಂದು ಐದು ಭಾಷೆಗಳಲ್ಲಿ ಬರೆಸಿದ್ದೀರಿ. ನಮ್ಮ ಭಾಷೆಯದೊಂದನ್ನು ಉಳಿಸಿ ಉಳಿದ ನಾಲ್ಕನ್ನು ಇವತ್ತೇ ಅಳಿಸಿಬಿಡುವುದು ಕ್ಷೇಮ. ಅವನ್ನು ಓದಬಲ್ಲವರು ಯಾರಾದರೂ ನಂಬಿಬಿಟ್ಟಾರು.