ಗೋರಖನಾಥನ ಸಣ್ಣ ಕರುಳು

ಮೊಸರು ಕಡೆಯುತ್ತಿದ್ದ ಸುಭದ್ರಾಬಾಯಿ ಹಗ್ಗ ಹಿಡಿದಲ್ಲೇ ನಿಲ್ಲಿಸಿದಳು. ಗಂಡ ಗೋರಖನಾಥ ತಂಬಿಗೆ ಹಿಡಿದು ಹಿತ್ತಿಲ ಬಾಗಿಲು ದಾಟಿ ಜಾಲಿ ಗಿಡಗಳ ಕಡೆ ಹೊರಟಿದ್ದ. ಬೆಳಗಾದ ಮೇಲೆ ಇದು ನಾಲ್ಕನೆಯ ಸಲ.

ಇವತ್ತೇ ಹೊಟ್ಟೆ ಕೆಡಬೇಕೆ? ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕಚೇರಿಯ ಕಾಗದಗಳು ಉರ್ದು ಬಿಟ್ಟು ಕನ್ನಡಕ್ಕೆ ಹೊರಳುತ್ತಿದ್ದವು. ತನಗೆ ಕನ್ನಡ ಓದಲು ಬರೆಯಲು ಚೆನ್ನಾಗಿ ಬರುತ್ತದೆಂದು ಗುಮಾಸ್ತ ಗೋರಖನಾಥ ಸಹಿ ಹಾಕಿ ಕೊಟ್ಟಿದ್ದ. ಮನೆಮಾತು ಕನ್ನಡವೇ ಆದ್ದರಿಂದ ಯಾರೂ ಸಂಶಯಪಡಲಿಲ್ಲ. ಮಧ್ಯಾಹ್ನ ಮೈಸೂರು ಕಡೆಯ ಹೊಸ ಸಾಹೇಬರ ಮುಂದೆ ಬರೆದು ತೋರಿಸಬೇಕಿತ್ತು. ತಪ್ಪಿದರೆ ಬರೆಯುವ ಮೇಜು ಹೋಗಿ ದಫ್ತರದ ಕಟ್ಟು ಹೊರುವ ಜವಾನನ ಕೆಲಸ.

ಗೋಡೆಯಾಚೆಯ ಜಿಜಾಬಾಯಿಯೂ ತಂಬಿಗೆ ಎಣಿಸಿದ್ದಳು. ಅವನು ಮರಳುವಷ್ಟರಲ್ಲಿ ಬಟ್ಟಲು ತುಂಬ ಮೊಸರು ತಂದು ಕುಳಿತಿದ್ದಳು. ಹಿಂದೆಯೇ ಎದುರು ಮನೆಯ ಮರಿಯಮಬೀ ಜೀರಿಗೆ ಹಾಕಿದ ಮಜ್ಜಿಗೆ ತಂದಳು. ತನಗೇನೂ ಆಗಿಲ್ಲವೆಂದು ಗೋರಖನಾಥ ಹೇಳಿದ್ದನ್ನು ಇಬ್ಬರೂ ನಾಚಿಕೆಯೆಂದು ತಿಳಿದರು.

ದವಾಖಾನೆಯ ಕಂಪೌಂಡರ್ ರಶೀದ ಅಹ್ಮದ ಬಂದು ಹೊಟ್ಟೆ ಒತ್ತಿ ನೋಡಿದ.

“ಹಾಲು ಕುಡದ್ರ ಸಣ್ಣ ಕರುಳೇ ಎಲ್ಲಾ ದುಡೀಬೇಕ್ರಿ. ಮೊಸರಿನಾಗ ಜೀವಾಣು ಇರ್ತಾವ, ಅರ್ಧ ಕೆಲಸ ಮೊದಲೇ ಮುಗಿಸಿ ಇಟ್ಟಿರ್ತಾವ. ನಿಮ್ಮ ಕಚೇರಿದಾಗ ಅಂಥವ್ರು ಒಬ್ಬರರ ಇದ್ದಾರೇನ್ರಿ?”

ಕುಡಿದರೆ ಬಿಟ್ಟಾರೆಂದು ಗೋರಖನಾಥ ಗಟಗಟ ಕುಡಿದ. ಬಟ್ಟಲು ಬರಿದಾದಂತೆ ಇನ್ನೊಂದು ತುಂಬಿ ಬಂತು. ಹನ್ನೊಂದಕ್ಕೆ ಅವನ ಹೊಟ್ಟೆ ನೀರು ಹೊರುವ ಭಿಸ್ತಿಯ ಚರ್ಮದ ಚೀಲದಂತೆ ಕುಲುಕತೊಡಗಿತು. ಕೊನೆಗೆ ಜಿಜಾಬಾಯಿ ತಂದ ನಾಲ್ಕು ದಿನದ ಹುಳಿ ಮೊಸರು ಒಳಗಿಳಿದದ್ದೇ, ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಔಷಧ ಕರುಳಿಗೆ ತಾಗಿತೆಂದು ರಶೀದ ತಲೆದೂಗಿದ.

ಐದು ವರ್ಷದ ಮಗಳು ಕೇಶರ ಬೆಳಗಿನಿಂದ ಅವ್ವನ ಸೆರಗು ಜಗ್ಗುತ್ತಿದ್ದಳು. ಏನೋ ಕೇಳುವುದಿತ್ತು. ಅಪ್ಪನಿಗೆ ಆರಾಮಿಲ್ಲ, ಸುಮ್ಮನಿರೆಂದು ಎಲ್ಲರೂ ಅವಳನ್ನು ಸರಿಸುತ್ತಿದ್ದರು.

ರೋಗಿ ಏಳುವ ಸ್ಥಿತಿಯಲ್ಲಿಲ್ಲವೆಂದು ರಶೀದ ಕಚೇರಿಗೆ ಚೀಟಿ ಕಳಿಸಿದ. ಅದನ್ನು ಕೇಳಿ, ಸುಸ್ತಾಗಿ ಚಾಪೆಯ ಮೇಲೆ ಬಿದ್ದಿದ್ದ ಗೋರಖನಾಥನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು.

ಎರಡು ಗಂಟೆಗೆ ಸಾಹೇಬರೇ ಮನೆಗೆ ಬಂದರು. ಒಂದು ಕೈಯಲ್ಲಿ ಕಾಗದ ಲೇಖನಿ, ಇನ್ನೊಂದರಲ್ಲಿ ಅವರ ಹೆಂಡತಿ ಕೊಟ್ಟ ಮೊಸರಿನ ಗಡಿಗೆ.

“ಹೊಟ್ಟೆ ಕೆಟ್ಟರೆ ಕೈ ಕೆಡೋದಿಲ್ಲವಲ್ಲ. ನಾಲ್ಕು ಸಾಲು ಮಲಗಿದಲ್ಲೇ ಬರೀರಿ.”

“ಕೈ ನಡುಗ್ತಾವ್ರಿ ಸಾಹೇಬ್ರ,” ಎಂದ ಗೋರಖನಾಥ. ಅದಂತೂ ನಿಜವಾಗಿತ್ತು.

ಸಾಹೇಬರಿಗೆ ಕನಿಕರ ಬಂತು. ಮುಂದಿನ ವಾರ ನೋಡೋಣವೆಂದು ಲೇಖನಿಯ ಮುಚ್ಚಳ ಹಾಕಿದರು. ಸುಭದ್ರಾಬಾಯಿ ಕೈ ಮುಗಿದಳು. ಗೋರಖನಾಥ ಕಣ್ಣು ಮುಚ್ಚಿದ. ಎಲ್ಲರೂ ಒಂದು ಗಳಿಗೆ ಸುಮ್ಮನಾದರು.

ಕೇಶರಳಿಗೆ ಬೇಕಾದದ್ದು ಅಷ್ಟೇ ಗಳಿಗೆ.

“ಅಪ್ಪಾ, ಮುಂಜಾನಿ ಜಾಲಿ ಗಿಡದ ಬುಡಕ ಕುಂತು ನನ್ನ ಅಂಕಲಿಪಿ ಯಾಕ ಓದ್ಲತ್ತಿದ್ದಿ?”