ನೂರು ಹೆಜ್ಜೆಗೊಂದು ಕಲ್ಲು

ನಡೆಯುವುದರಲ್ಲಿ ಎರಡು ಬಗೆ. ಒಂದು, ಎಲ್ಲಿಗಾದರೂ ಹೋಗುವುದಕ್ಕೆ ನಡೆಯುವುದು. ಇನ್ನೊಂದು, ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುವುದು. ಮೊದಲನೆಯದನ್ನು ನಮ್ಮ ಆಲೂರು ಸೀಮೆಯವರು ಹುಟ್ಟಿದಾಗಿನಿಂದ ಬಲ್ಲರು. ಎರಡನೆಯದನ್ನು ತಲೆ ಕೆಟ್ಟವರು ಮಾಡುತ್ತಾರೆ, ಇಲ್ಲದಿದ್ದರೆ ಸರ್ಕಾರದವರು ಮಾಡುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ. ನಾನು ಸರ್ಕಾರಿ ನೌಕರನಾಗಿದ್ದರಿಂದ ನನ್ನನ್ನು ಯಾರೂ ತಲೆ ಕೆಟ್ಟವನೆಂದುಕೊಳ್ಳಲಿಲ್ಲ. ಅಂದುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗ ನನಗೆ ನಲವತ್ತೆಂಟು. ಹಾಸನದ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ ಮುಖ ಗಂಟಿಕ್ಕಿಕೊಂಡರು. ಮೂರು ತಿಂಗಳು ದಿನಾ ನಡೆಯಬೇಕು, ಸಿಹಿ ಮುಟ್ಟಬಾರದು, ಆಗಲೂ ಸಕ್ಕರೆ ಇಳಿಯದಿದ್ದರೆ ದಿನಕ್ಕೊಂದು ಇಂಜೆಕ್ಷನ್ ಎಂದರು. ಸೂಜಿಯೆಂದರೆ ನನಗೆ ಪ್ರಾಣಭಯ. ಚಿಕ್ಕಂದಿನಲ್ಲಿ ಶಾಲೆಗೆ ಚುಚ್ಚುವವರು ಬಂದಾಗ ಹಿಂದಿನ ಕಿಟಕಿ ಹಾರಿ ಸೀದಾ ಗೊಬ್ಬರದ ಗುಂಡಿಗೆ ಬಿದ್ದವನು ನಾನು. ಗುಂಡಿಯಿಂದ ಎತ್ತಿ, ತೊಳೆದು, ಎಲ್ಲರಿಗಿಂತ ಕೊನೆಯಲ್ಲಿ ಚುಚ್ಚಿದರು. ಆದ್ದರಿಂದ ನಡೆಯುತ್ತೇನೆಂದು ಡಾಕ್ಟರಿಗೆ ಮಾತು ಕೊಟ್ಟು ಬಂದೆ.

ಜಾಗಕ್ಕೇನೂ ಕೊರತೆ ಇರಲಿಲ್ಲ. ಪಾಳ್ಯದ ಕಡೆ ನಾವಿದ್ದ ಬಾಡಿಗೆ ಮನೆಯ ಹಿಂದೆಯೇ ಒಂದು ಗುಡ್ಡ. ಅರಣ್ಯದವರು ಹಿಂದೆಂದೋ ಪ್ರಯೋಗಕ್ಕೆಂದು ನೆಟ್ಟ ಪೈನ್ ಮರಗಳು ಅದರ ನೆತ್ತಿಯ ಮೇಲಿದ್ದವು; ಎಲೆ ಸೂಜಿಯಂತಿದ್ದುದರಿಂದ ಊರವರು ಸೂಜಿ ಮರ ಎನ್ನುತ್ತಿದ್ದರು. ಇಲ್ಲೂ ಸೂಜಿ ನನ್ನನ್ನು ಬಿಡಲಿಲ್ಲ. ಕೆಳಗೆ ಕಾಫಿ ತೋಟದ ಅಂಚಿಗೆ ಸಾಲಾಗಿ ಸಿಲ್ವರ್ ಓಕ್. ಎರಡರ ನಡುವೆ ಮರಳು ಮರಳಾದ ಒಂದು ಕಾಲುದಾರಿ ಗುಡ್ಡವನ್ನು ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಏರಿಲ್ಲ, ಇಳಿವಿಲ್ಲ, ಕಾಲಿಗೆ ಮೆತ್ತಗೆ. ನನ್ನಂಥ ಸೋಮಾರಿಗೆಂದೇ ಯಾರೋ ಮಾಡಿಸಿಟ್ಟಂತಿತ್ತು.

ನನ್ನ ಹೆಂಡತಿ ಸರೋಜಳಿಗೆ ಮಾತ್ರ ನನ್ನ ಮೇಲೆ ನಂಬಿಕೆ ಇರಲಿಲ್ಲ. ವಾಕಿಂಗ್ ಎಂದು ಹೊರಟು ಬಸ್ ಸ್ಟಾಪಿನ ಹೋಟೆಲಿನಲ್ಲಿ ಬೋಂಡದ ಮುಂದೆ ಕೂತಿದ್ದು ಬರುತ್ತೀರೆಂದು ಬಾಯಿಬಿಟ್ಟೇ ಹೇಳಿದಳು. ಹೆಜ್ಜೆ ಎಣಿಸಿಕೊಂಡು ಬಂದು ಲೆಕ್ಕ ಒಪ್ಪಿಸಬೇಕು ಎಂಬುದು ಅವಳ ಆಜ್ಞೆ. ಆದರೆ ಮುನ್ನೂರು ದಾಟಿದರೆ ನನಗೆ ಎಣಿಕೆ ತಪ್ಪುತ್ತಿತ್ತು. ಹಾಗಾಗಿ ಒಂದು ಉಪಾಯ ಮಾಡಿದೆ. ನೂರು ಹೆಜ್ಜೆಯಾದ ಕೂಡಲೇ ದಾರಿಯ ಬದಿಗೆ ಒಂದು ಕಲ್ಲಿಡುವುದು, ಮತ್ತೆ ಒಂದರಿಂದ ಶುರು ಮಾಡುವುದು. ಇಡೀ ಸುತ್ತಿಗೆ ಇಪ್ಪತ್ತೆರಡು ಕಲ್ಲಾದವು. ಇಷ್ಟು ಬುದ್ಧಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ.

ನಾನು ಯಾವ ಕಚೇರಿಯಲ್ಲಿದ್ದೆ ಎಂಬುದನ್ನು ಹೇಳುವುದೇ ಮರೆತೆ. ಜಮೀನು ಅಳತೆಯ ಕಚೇರಿ. ಅಲ್ಲಿ ನಾನು ಟೈಪಿಸ್ಟ್. ಅಳತೆಯ ಸರಪಳಿಯನ್ನು ಕೈಯಿಂದ ಮುಟ್ಟಿದವನಲ್ಲ. ಪಹಣಿಯನ್ನು ಇನ್ನೂ ಕೈಯಲ್ಲೇ ಬರೆಯುತ್ತಿದ್ದ ದಿನಗಳವು. ಬೇಲಿಯನ್ನು ಸರ್ಕಾರಿ ಜಾಗದೊಳಕ್ಕೆ ಚೂರುಪಾರು ಸರಿಸಿಕೊಂಡವರೆಲ್ಲ ಅಳತೆಯವರು ಯಾವಾಗ ಬಂದಾರೋ ಎಂದು ಹೆದರಿಕೊಂಡೇ ದಾರಿ ನೋಡುತ್ತಿದ್ದರು. ಇದೆಲ್ಲ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಹೆಜ್ಜೆ ಎಣಿಸುತ್ತಿದ್ದೆ.

ವಾರ ಕಳೆಯುವುದರೊಳಗೆ ವಿಚಿತ್ರಗಳು ಶುರುವಾದವು. ಒಂಬತ್ತರಿಂದ ಹದಿಮೂರರವರೆಗಿನ ಕಲ್ಲುಗಳು ತೋಟದ ಬದಿಯಿಂದ ಎದ್ದು ಕಾಡಿನ ಬದಿಗೆ ಹೋಗಿ ಕೂತಿದ್ದವು. ದನ ತುಳಿದಿರಬೇಕೆಂದು ಮತ್ತೆ ತಂದು ಇಟ್ಟೆ. ಮರುದಿನ ಮತ್ತೆ ಆಚೆ. ಮೂರನೆಯ ದಿನ ಹತ್ತನೆಯ ಕಲ್ಲಿನ ಬಳಿ ಆ ತೋಟದ ಯಜಮಾನರು ಸಿದ್ದಲಿಂಗಪ್ಪನವರು ನಿಂತಿದ್ದರು, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಬಾಳೆಲೆಯ ಪೊಟ್ಟಣ. ಬೆಲ್ಲದ ಕಾಫಿ ಬಗ್ಗಿಸಿಕೊಟ್ಟರು. ಪೊಟ್ಟಣದಲ್ಲಿ ಕಜ್ಜಾಯ. ಹಿರಿಯರು ಕೊಟ್ಟಿದ್ದನ್ನು ಬೇಡವೆನ್ನಬಾರದೆಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಅವಳು ಹೇಳಿಕೊಟ್ಟ ಬೇರೆ ಯಾವುದೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಹೀಗೆ ಎರಡು ತಿಂಗಳು ನಡೆಯಿತು. ಕಜ್ಜಾಯ ಹೋಗಿ ಎಳ್ಳುಂಡೆ ಬಂತು, ಎಳ್ಳುಂಡೆ ಹೋಗಿ ಒಬ್ಬಟ್ಟು ಬಂತು. ಸರೋಜಳಿಗೆ ಪ್ರತಿದಿನ ಎರಡು ಸಾವಿರದ ಇನ್ನೂರು ಹೆಜ್ಜೆಯ ಲೆಕ್ಕ ಪ್ರಾಮಾಣಿಕವಾಗಿ ಒಪ್ಪಿಸಿದೆ. ಒಬ್ಬಟ್ಟಿನ ಲೆಕ್ಕವನ್ನು ಅವಳು ಕೇಳಿರಲಿಲ್ಲ.

ಕಡೆಗೊಂದು ದಿನ ಸಿದ್ದಲಿಂಗಪ್ಪನವರೇ ಬಾಯಿ ಬಿಟ್ಟರು. "ಸಾರ್, ಈ ಬೇಲಿ ಪಕ್ಕ ನಂದು ಇನ್ನೂರು ಕಾಫಿ ಗಿಡ ಐತೆ. ನಮ್ಮಪ್ಪನ ಕಾಲದಲ್ಲೇ ಬೇಲಿ ಚೂರು ಆಚೆ ಹೋಗ್ಬುಟ್ಟೈತೆ. ನೀವು ಗಡಿಗೆ ಬಾಂದು ಕಲ್ಲು ನೆಡೋದೇ ಆದ್ರೆ ಆ ಕಾಡಿನ ಕಡೆ ನೆಟ್ಬುಡಿ. ಆ ಗಿಡ ಹೋದ್ರೆ ನಂಗೆ ಉಳಿಯೋದು ಬರೀ ಸಿಲ್ವರ್ ಮರದ ನೆರಳು ಕಣ್ರೀ." ನನಗೆ ನಿಜವಾಗಿಯೂ ನಾಚಿಕೆಯಾಯಿತು. ಪಾಪ, ಎರಡು ತಿಂಗಳಿಂದ ಈ ಮನುಷ್ಯ ನನ್ನ ಕಲ್ಲುಗಳಿಗೆ ಹೆದರಿ ನಿದ್ದೆಗೆಟ್ಟಿದ್ದಾರೆ, ನಾನು ನಿಂತು ಒಬ್ಬಟ್ಟು ತಿಂದಿದ್ದೇನೆ.

ನಾನು ಬರೀ ಟೈಪಿಸ್ಟು, ಅಳತೆಗೂ ನನಗೂ ಸಂಬಂಧವಿಲ್ಲ, ಸಕ್ಕರೆ ಕಾಯಿಲೆಗೆಂದು ನಡೆಯುತ್ತಿದ್ದೇನೆ ಎಂದು ಬಿಡಿಸಿ ಹೇಳಿದೆ. ಅವರು ನನ್ನ ಕೈಯಲ್ಲಿ ಉಳಿದಿದ್ದ ಅರ್ಧ ಒಬ್ಬಟ್ಟನ್ನು ನೋಡಿದರು.

"ಸಕ್ಕರೆ ಕಾಯಿಲೆ ಇರೋರು ದಿನಾ ಹಿಂಗೆ ತಿಂತಾರಾ ಸಾರ್?" ಎಂದರು.

ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡು ಕೈ ಮುಗಿದು ಬಂದೆ. ಅವರು ನಂಬಲಿಲ್ಲ; ಮರುದಿನವೂ ಪೊಟ್ಟಣ ತಪ್ಪಲಿಲ್ಲ.

ಮೂರು ತಿಂಗಳಿಗೆ ಸರಿಯಾಗಿ ಹಾಸನಕ್ಕೆ ಹೋದೆ. ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಇಷ್ಟು ನಡೆದೂ ಹೀಗೇಕೆಂದು ಡಾಕ್ಟರಿಗೆ ಆಶ್ಚರ್ಯ. ಪಕ್ಕದಲ್ಲಿದ್ದ ಸರೋಜ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆಯಿಂದಲೇ ನಮ್ಮೂರ ನರ್ಸಮ್ಮನ ಮನೆಯ ಜಗಲಿಯಲ್ಲಿ ಇಂಜೆಕ್ಷನ್. ಮೊದಲ ದಿನ ನಾನು ಹಾಕಿದ ಕೂಗಿಗೆ ಹಾದಿಹೋಕರೆಲ್ಲ ನಿಂತರು. ಅವರಲ್ಲಿ ಸಿದ್ದಲಿಂಗಪ್ಪನವರೂ ಇದ್ದರು. ನರ್ಸಮ್ಮ ಏನು ಔಷಧಿ ಚುಚ್ಚುತ್ತಿದ್ದಾರೆಂದು ಕೇಳಿ ತಿಳಿದುಕೊಂಡರು. ಒಬ್ಬನಿಗೆ ಕಾಯಿಲೆ ಇರುವುದು ಖಚಿತವಾದಾಗ ಇನ್ನೊಬ್ಬನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂದಿನಿಂದ ನನ್ನ ಕಲ್ಲುಗಳು ಇಟ್ಟಲ್ಲೇ ಇದ್ದವು. ಹತ್ತನೆಯ ಕಲ್ಲಿನ ಬಳಿ ಫ್ಲಾಸ್ಕಂತೂ ತಪ್ಪಲಿಲ್ಲ, ಆದರೆ ಕಾಫಿಗೆ ಬೆಲ್ಲವಿಲ್ಲ, ಪಕ್ಕದಲ್ಲಿ ಪೊಟ್ಟಣವಿಲ್ಲ. ಹದಿನೈದು ದಿನ ತಡೆದುಕೊಂಡೆ. ಯುಗಾದಿ ಹತ್ತಿರ ಬಂದಿತ್ತು, ಅವರ ಮನೆಯ ಒಬ್ಬಟ್ಟು ಕನಸಿಗೆ ಬರುತ್ತಿತ್ತು. ನನ್ನ ಬುದ್ಧಿ ಎಷ್ಟು ಕೆಟ್ಟಿತೆಂದರೆ, ಒಂದು ಬೆಳಿಗ್ಗೆ ಕಚೇರಿಯ ಅಳತೆ ಟೇಪನ್ನು ಜೇಬಿನಿಂದ ತುಸು ಹೊರಗೆ ಕಾಣುವಂತೆ ಇಟ್ಟುಕೊಂಡು ಹೊರಟೆ.

ಸಿದ್ದಲಿಂಗಪ್ಪನವರು ಕಾಫಿ ಬಗ್ಗಿಸುತ್ತಾ ಟೇಪನ್ನು ನೋಡಿದರು. ಆಮೇಲೆ ಅದರ ಪಕ್ಕದಲ್ಲೇ ಇದ್ದ ನನ್ನ ಹೊಟ್ಟೆಯನ್ನು ನೋಡಿದರು.

"ಸೊಂಟ ಅಳೆಯೋಕೆ ಹೇಳವ್ರಾ ಸಾರ್ ಡಾಕ್ಟ್ರು?" ಎಂದರು.

ಟೇಪನ್ನು ಜೇಬಿನ ತಳಕ್ಕೆ ತಳ್ಳಿ, ಸಪ್ಪೆ ಕಾಫಿ ಕುಡಿದು, ಹನ್ನೊಂದನೆಯ ಕಲ್ಲಿನ ಕಡೆ ನಡೆದೆ.