ಟವಲಿನ ಕೆಳಗಿನ ದರ

ನನ್ನ ಸೋದರಮಾವ ಹುಟ್ಟಿದಾಗಿನಿಂದ ಈವರೆಗೆ ಯಾವ ವಸ್ತುವಿನ ದರವನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಹುಟ್ಟಿದ ಕೂಸಿಗೆ ಮಾತೆಲ್ಲಿ ಬರುತ್ತದೆ ಎಂದು ನೀವು ತಕರಾರು ತೆಗೆಯುವುದಾದರೆ, ಮಾತು ಬಂದ ಮೇಲೂ ಹೇಳಲಿಲ್ಲ ಎಂದು ತಿದ್ದಿಕೊಳ್ಳುತ್ತೇನೆ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ, "ಸೀರಿ ಛಂದ ಅದರಿ, ಎಷ್ಟಕ್ಕ ತಂದ್ರಿ?" ಎಂದು ಕೇಳಿದ್ದಕ್ಕೆ ಮಾಮಾ ಹೆಗಲ ಮೇಲಿನ ಟವಲು ತೆಗೆದು, "ಕೈ ಕೊಡು" ಎಂದರಂತೆ. ಅಂದಿನಿಂದ ಅವರ ಮನೆಯಲ್ಲಿ ಉಪ್ಪು, ಮೆಣಸಿನಕಾಯಿ, ಬಾಡಿಗೆ ಎಲ್ಲವೂ ಟವಲಿನ ಕೆಳಗೇ. ಓಣಿಯ ಮಂದಿ ಮಾತ್ರ, ಇಷ್ಟು ವಯಸ್ಸಾದರೂ ಗಂಡಹೆಂಡತಿ ಹ್ಯಾಂಗ ಕೈಕೈ ಹಿಡಕೊಂಡು ಕೂಡ್ತಾರ ನೋಡ್ರಿ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಜನಗಣತಿಗೆ ಬಂದ ಮೇಷ್ಟರೊಬ್ಬರು ಮಾಮಾನ ವಯಸ್ಸು ಕೇಳಿದಾಗಲೂ ಇದೇ ಆಯಿತು. ಅಂಕಿ ಎಂದರೆ ಮಾಮಾನ ಕೈ ತಾನಾಗಿ ಟವಲಿಗೆ ಹೋಗುತ್ತದೆ. ಮೇಷ್ಟರು ದಕ್ಷಿಣದ ಕಡೆಯವರು. ಹೆದರಿಕೊಂಡೇ ಕೈ ಕೊಟ್ಟು, ಏನೋ ಬರೆದುಕೊಂಡು ಹೋದರು. ಸರ್ಕಾರದ ಲೆಕ್ಕದಲ್ಲಿ ಮಾಮಾನಿಗೆ ಎಷ್ಟು ವಯಸ್ಸೋ ಆ ಮೇಷ್ಟರೇ ಬಲ್ಲರು.

ತಮಾಷೆ ಬಿಡಿ. ಇದು ಮಾಮಾ ಕಂಡುಹಿಡಿದ ಹುಚ್ಚಲ್ಲ. ಬೀದರದ ಕಾಳುಪೇಟೆಯಾದ ಗಾಂಧಿ ಗಂಜಿನಲ್ಲಿ ಹಳೆಯ ವ್ಯಾಪಾರಸ್ಥರು ಹೀಗೇ ಮಾಡುತ್ತಿದ್ದರು. ಕೊಡುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಹಿಡಿಯಬೇಕು, ಬೆರಳು ಹಿಚುಕಬೇಕು. ಎಷ್ಟು ಬೆರಳು ಹಿಚುಕಿದರೋ ಅಷ್ಟು. ಸುತ್ತ ನಿಂತ ನೂರು ಕಿವಿಗಳಿಗೆ ಏನೂ ಕೇಳಿಸುವುದಿಲ್ಲ. ನಾನು ದಡ್ಡ, ಈ ವಿದ್ಯೆಯಲ್ಲಿ ನನಗೆ ಕಲಿಸಲು ಮಾಮಾನಿಂದ ಆದದ್ದು ಒಂದೇ ಪಾಠ. "ಬೆರಳ ಹಿಚುಕಿದ್ರ ಮಾತು ಮುಗೀತು. ಬರೇ ಹಿಡಕೊಂಡು ಕುಂತ್ರ, ಮುಗದಿಲ್ಲ ಅಂತ ತಿಳೀಬೇಕು. ಮನುಷ್ಯಾ ಇನ್ನಾ ಆಸೆ ಬಿಟ್ಟಿಲ್ಲ ಅಂತ."

ಇಷ್ಟೆಲ್ಲ ಗುಟ್ಟು ಮಾಡಿ ಮಾಮಾ ಮಾರುತ್ತಿದ್ದುದೇನು ಎಂದರೆ, ಖಾಲಿ ಚೀಲ. ಗಂಜಿನ ಮಾತಿನಲ್ಲಿ ಬಾರದಾನ. ಹರಿದ ಗೋಣಿಚೀಲಗಳನ್ನು ಕೊಂಡು, ತೇಪೆ ಹಾಕಿಸಿ, ಮತ್ತೆ ಮಾರುವುದು. ತೊಗರಿಯ ವ್ಯಾಪಾರಿಗೆ ಗಂಜಿನಲ್ಲಿ ಕುರ್ಚಿ ಹಾಕುತ್ತಾರೆ, ಉದ್ದಿನ ವ್ಯಾಪಾರಿಗೆ ಚಹಾ ತರಿಸುತ್ತಾರೆ, ಚೀಲದ ವ್ಯಾಪಾರಿಗೆ ಆಚೆ ಸರೀರಿ ಎನ್ನುತ್ತಾರೆ. ಮಾಮಾನಿಗೆ ಅದರ ಚಿಂತೆಯಿಲ್ಲ. ಖಾಲಿ ಚೀಲದೊಳಗೆ ಮುಖ ಹುದುಗಿಸಿ ಒಮ್ಮೆ ಉಸಿರೆಳೆದು, "ಇದು ಔರಾದಿನ ಉದ್ದು. ಇದು ಬಗದಲ್ ಕಡಲಿ" ಎಂದು ಚೀಲದ ಜಾತಕ ಹೇಳುತ್ತಿದ್ದರು. ನನಗೂ ಒಮ್ಮೆ ಮೂಸಲು ಕೊಟ್ಟರು. ಹದಿನಾರು ಸಲ ಸೀನಿದೆ. "ಬರೋಬ್ಬರಿ, ಮೆಣಸಿನಕಾಯಿ ಚೀಲ ಅದು" ಎಂದರು.

ಅವರ ತಗಡಿನ ಶೆಡ್ಡಿನಲ್ಲಿ ಎಂಟು ಜನ ಹೆಂಗಸರು ದಬ್ಬಣ ಸುತಳಿ ಹಿಡಿದು ಸಾಲಾಗಿ ಕೂತು ಹೊಲಿಯುತ್ತಿದ್ದರು. ಹಿರಿಯಳು ಬಗದಲ್ ಊರಿನ ಸುಗಲಾಬಾಯಿ. ಮಾಮಾನನ್ನು ಗದರಿಸುವ ಹಕ್ಕುಳ್ಳ ಒಬ್ಬಳೇ ಮನುಷ್ಯಳು. ಎಲ್ಲರಿಗಿಂತ ಸಣ್ಣವಳು ಔರಾದ ಕಡೆಯ ಪಾರ್ವತಿ. ಮೇವಿಲ್ಲದೆ ಮನೆಯ ಕುರಿಗಳನ್ನು ಮಾರಿದ ಮೇಲೆ ಇಲ್ಲಿಗೆ ಬಂದವಳು. ಎಡಗೈಯವಳಾದ್ದರಿಂದ ಅವಳ ಹೊಲಿಗೆ ಉಳಿದವರ ಹೊಲಿಗೆಗೆ ಎದುರು ದಿಕ್ಕಿಗೆ ವಾಲುತ್ತಿತ್ತು. "ಎಲ್ಲಾರೂ ಬೀದರಕ್ಕ ಹೊಂಟ್ರ ಇಕಿ ಹೊಲಿಗಿ ಔರಾದಕ್ಕ ಹೋಗ್ತದ" ಎಂದು ಸುಗಲಾಬಾಯಿ ಕಾಡುತ್ತಿದ್ದಳು. "ಮನಿ ಕಡೆ ಹೋಗ್ತದ ಬಿಡ್ರಿ ಆಯಿ" ಎಂದು ಅವಳು ತಲೆ ಎತ್ತದೆ ಹೊಲಿಯುತ್ತಿದ್ದಳು.

ಆ ವರ್ಷ ಮಳೆ ಎರಡನೆಯ ಸಲ ಕೈಕೊಟ್ಟಿತು. ಭಾಲ್ಕಿ ಕಡೆ ಹೆಸರು ಹೂವಿನಲ್ಲೇ ಸುಟ್ಟಿತು, ಔರಾದ ಕಡೆ ಉದ್ದು ಗೇಣುದ್ದಕ್ಕೇ ನಿಂತಿತು. ಗಂಜಿಗೆ ಕಾಳೇ ಬರಲಿಲ್ಲ. ಮೊದಲು ಹಮಾಲರು ಕೈಗಾಡಿಗಳ ಮೇಲೆ ಮಲಗಿ ದಿನ ಕಳೆದರು. ಆಮೇಲೆ ನಾಲ್ಕು ಜನರನ್ನು ಬಿಟ್ಟರೆ ಕೈಗಾಡಿಗಳಷ್ಟೇ ಉಳಿದವು. ಕಾಳಿಲ್ಲದ ಊರಿನಲ್ಲಿ ಚೀಲ ಯಾರಿಗೆ ಬೇಕು? ಶೆಡ್ಡಿನಲ್ಲಿ ಹರಕು ಚೀಲಗಳು ತಗಡಿಗೆ ತಾಗುವವರೆಗೆ ಬೆಳೆದವು. ಆ ವರ್ಷ ನಮ್ಮಲ್ಲಿ ಬೆಳೆದದ್ದು ಅದೊಂದೇ. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಜನ ಒಯ್ಯುವ ಮುಕಾದಮ ವಾರಕ್ಕೊಮ್ಮೆ ಟೆಂಪೋ ತಂದು ಶೆಡ್ಡಿನೆದುರು ನಿಲ್ಲಿಸತೊಡಗಿದ.

"ಒಮ್ಮೆ ಟೆಂಪೋ ಹತ್ತಿದಾಕಿ ತಿರುಗಿ ದಬ್ಬಣ ಹಿಡಿಯಂಗಿಲ್ಲ" ಎಂದರು ಮಾಮಾ. "ಎಂಟು ಮಂದೀನ್ನ ಹ್ಯಾಂಗ ನಿಲ್ಲಸ್ಲಿ, ಅಳಿಯಾ?"

ಅವರು ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನೋ, ಬೀಗ ಹಾಕಿ ಮೂರು ಸಲ ಜಗ್ಗಿ, ಬಸ್ಸು ಹತ್ತಿದ ಮೇಲೆ ನಾಲ್ಕನೆಯ ಸಲ ಜಗ್ಗಬೇಕಿತ್ತೆಂದು ಕೊರಗುವ ಪ್ರಾಣಿ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿ ಅರ್ಜಿ ತುಂಬುವುದೊಂದೇ ನನಗೆ ಬರುವ ಕಸುಬು. ಮಾರುವವರನ್ನೂ ಕೊಳ್ಳುವವರನ್ನೂ ಇಂಟರ್ನೆಟ್ಟಿನಲ್ಲೇ ಗಂಟುಹಾಕುವ ಜಾಲತಾಣಗಳಿವೆ, ನಮ್ಮ ಕಾಲೇಜಿಗೆ ಬೆಂಚು ತರಿಸಿದ್ದೂ ಹಾಗೆಯೇ ಎಂದು ಹೇಳಿದೆ. ಮಾಮಾ ಯೋಚಿಸಿ, "ಅದೂ ಗಂಜೇ ಏನು?" ಎಂದರು. ಹೌದೆಂದೆ. "ಮತ್ತ ಹಮಾಲರು?" ಇಲ್ಲವೆಂದೆ. "ಹಂಗಾದ್ರ ಅರ್ಧಾ ಗಂಜ" ಎಂದು ಒಪ್ಪಿದರು.

ಮೊದಲು ಫೋಟೊ ತೆಗೆಯಬೇಕು. ನಾನು ಹುಡುಕಿ ಒಂದು ಒಳ್ಳೆಯ ಚೀಲ ತಂದೆ. ಮಾಮಾ ಅದನ್ನು ಆಚೆ ಎಸೆದು, ಮೈತುಂಬ ತೇಪೆಯಿದ್ದದ್ದನ್ನು ತಂದು ಹರವಿದರು.

"ಮಾಮಾ, ಹರಕು ತೋರಿಸಿದ್ರ ಯಾರು ತಗೋತಾರ?"

"ಹರಕು ತೋರಸ್ಲಿಲ್ಲಾಂದ್ರ ಹೊಲದಿದ್ದು ಹ್ಯಾಂಗ ತಿಳೀತದ?"

ತೇಪೆಯದೇ ನಾಲ್ಕು ಫೋಟೊ ಹೋದವು. ಕಂಪನಿಯ ಹೆಸರು, ವಿಳಾಸ ಎಲ್ಲ ಸುಸೂತ್ರ. ಆಮೇಲೆ ದರದ ಕಾಲಂ ಬಂತು. ಮಾಮಾ ಎದ್ದು ನಿಂತುಬಿಟ್ಟರು. ಬೀದರದ ಸಂತೆಗೇ ಹೇಳದ ದರವನ್ನು ಜಗತ್ತಿಗೆಲ್ಲ ಡಂಗುರ ಹೊಡೆಯುವುದೆಂದರೇನು? ನಾನು ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದೆ, ಅದು ಬಿಡಲಿಲ್ಲ. ಅರ್ಜಿ ಅರ್ಧಕ್ಕೆ ನಿಂತರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮಾಮಾ ಆಚೆ ಮುಖ ಮಾಡಿದ್ದಾಗ, ಸದ್ಯಕ್ಕಿರಲಿ ಎಂದುಕೊಂಡು ಒಂದರ ಅಂಕಿ ಒತ್ತಿಬಿಟ್ಟೆ.

ಮರುದಿನ ಬೆಳಗಿನಿಂದ ಮಾಮಾನ ಫೋನು ಬಾಯಿ ಮುಚ್ಚಲಿಲ್ಲ. ಒಂದು ರೂಪಾಯಿಗೊಂದು ಚೀಲ! ಸೂರತ್ತಿನಿಂದ ಒಬ್ಬ, ಸೇಲಂನಿಂದ ಒಬ್ಬ, ಲಾರಿ ಸಮೇತ ಹೊರಟೇಬಿಟ್ಟಿದ್ದೇನೆಂದು ಲಾತೂರಿನಿಂದ ಒಬ್ಬ. ದರ ಸುಳ್ಳೆಂದು ಕೆಲವರು ದೂರು ಕೊಟ್ಟಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಜಾಲತಾಣದವರು ನಮ್ಮ ಪುಟವನ್ನೇ ಮೂರು ದಿನ ಮುಚ್ಚಿದರು. ಮಾಮಾ ಬೈಯಲಿಲ್ಲ. "ನನ್ನ ಹೆಸರ್ಲೆ ಒಂದ ದರ ಬಾಯಿಬಿಟ್ಟು ಹೇಳಿದಿ, ಅದೂ ಸುಳ್ಳ ಹೇಳಿದಿ" ಎಂದಷ್ಟೇ ಅಂದು ಚಹಾ ಕುಡಿಸಿದರು.

ಆ ಮೂರು ದಿನಗಳ ಎರಡನೆಯ ದಿನ ಟೆಂಪೋ ಬಂತು. ಪಾರ್ವತಿ ತನ್ನ ದಬ್ಬಣವನ್ನು ಅರ್ಧ ಹೊಲಿದ ಚೀಲಕ್ಕೆ ಚುಚ್ಚಿಟ್ಟು, "ಬರ್ತೇನ್ರಿ ಮಾಲಕ್ರ" ಎಂದು ಹತ್ತಿ ಹೋದಳು. ನಾನು ಆಗ ಕಚೇರಿಯಲ್ಲಿ ಯಾರದೋ ಶುಲ್ಕದ ಅರ್ಜಿಯನ್ನು ಎರಡೆರಡು ಸಲ ಪರೀಕ್ಷಿಸುತ್ತಿದ್ದೆ.

ಪುಟ ತಿರುಗಿ ತೆರೆದಾಗ ಮೊದಲೇ ಕಾಣಬೇಕಾಗಿದ್ದ ಒಂದು ಗುಂಡಿ ಕಂಡಿತು. ದರ ಹಾಕಲೊಲ್ಲದವರು ಅದನ್ನು ಒತ್ತಿದರೆ, 'ದರಕ್ಕಾಗಿ ನಮ್ಮನ್ನು ಕೇಳಿ' ಎಂದು ತೋರಿಸುತ್ತದೆ. ಓದಿ ಹೇಳಿದೆ. ಮಾಮಾನ ಮುಖ ಅರಳಿತು. "ನೋಡು, ಅವರೂ ಟವಲ ಹಾಕವ್ರೇ. ನೀ ಮೊದ್ಲೇ ಹೇಳಬಾರದಾ?" ಹೌದು, ಮೊದಲೇ ಹೇಳಬೇಕಾಗಿತ್ತು.

ಮರುದಿನವೇ ಒಬ್ಬರ ವಿಡಿಯೊ ಕರೆ ಬಂತು. ಗೋದಾವರಿ ದಂಡೆಯ ಗುತ್ತಿಗೆದಾರರು. ಅಲ್ಲಿ ಪ್ರವಾಹವಂತೆ, ಮರಳು ತುಂಬಿ ಏರಿಗೆ ಒಡ್ಡಲು ಐದು ಸಾವಿರ ಚೀಲ ಹತ್ತು ದಿನದೊಳಗೆ ಬೇಕು. ಹಳೆಯದಾದರೂ ನಡೆಯುತ್ತದೆ, ಸೋರಬಾರದು. ಅವರ ಬೆನ್ನ ಹಿಂದೆ ಕಂದು ನೀರು ಆಕಾಶದವರೆಗೆ ಹಬ್ಬಿತ್ತು. ಏಳೂ ಹೆಂಗಸರು ಕೆಲಸ ಬಿಟ್ಟು ಫೋನಿನ ಸುತ್ತ ಸೇರಿದರು. ಅಷ್ಟು ನೀರು ನೋಡಿ ವರ್ಷಗಳಾಗಿದ್ದವು.

"ಅಯ್ಯ ಯಪ್ಪಾ" ಎಂದಳು ಸುಗಲಾಬಾಯಿ. "ಇಷ್ಟೊಂದು ನೀರ ಅವ್ರೊಬ್ಬರಿಗೇ ಯಾಕರಿ?"

ಸೋರುವುದಿಲ್ಲವೆಂದು ಹೇಗೆ ನಂಬಲಿ ಎಂದು ಆ ಕಡೆಯವರು ಕೇಳಿದರು. ಮಾಮಾ ಒಂದು ಚೀಲಕ್ಕೆ ಮಾಂಜ್ರಾ ನದಿಯ ಒಣ ಮರಳು ತುಂಬಿಸಿ ಶೆಡ್ಡಿನ ತೊಲೆಗೆ ಕಟ್ಟಿಸಿದರು. ಮರಳಿಗೆ ಬರವಿರಲಿಲ್ಲ, ನದಿಯಲ್ಲಿ ಆಗ ಇದ್ದದ್ದೇ ಅದು. ಆಮೇಲೆ ನನ್ನ ಬಿಳಿ ಅಂಗಿ ನೋಡಿ, "ಅಳಿಯಾ, ಕೆಳಗ ಕೂಡು" ಎಂದರು.

"ಮಾಮಾ, ಹರದು ತಲಿ ಮ್ಯಾಲ ಬಿದ್ರ?"

"ಯಾಕರಿ ಸಾಹೇಬ್ರ, ನಮ್ಮ ಹೊಲಿಗಿ ಮ್ಯಾಲ ಶಂಕಾ ಏನ್ರಿ?" ಎಂದು ಸುಗಲಾಬಾಯಿ ಸೊಂಟಕ್ಕೆ ಕೈಯಿಟ್ಟಳು.

ಕೂತೆ. ವಿಮೆಯ ಕಂತು ಕಟ್ಟಿದ್ದೇನೆಯೇ ಎಂದು ನೆನಪಿಸಿಕೊಂಡೆ. ಸುಗಲಾಬಾಯಿ ಚೀಲಕ್ಕೆ ಕೋಲಿನಿಂದ ನಾಲ್ಕು ಬಾರಿಸಿದಳು. ನನ್ನ ಬೋಳುತಲೆಯ ಮೇಲೆ ಒಂದು ಕಣವೂ ಬೀಳಲಿಲ್ಲ. ಕಣ್ಣು ಬಿಟ್ಟು ಮೇಲೆ ನೋಡಿದೆ. ನೆತ್ತಿಗೆ ನೇರವಾಗಿದ್ದ ತೇಪೆಯ ಹೊಲಿಗೆ ಎದುರು ದಿಕ್ಕಿಗೆ ವಾಲಿತ್ತು.

ಆ ಕಡೆಯವರು, "ಸರಿ, ದರ ಹೇಳಿ" ಎಂದರು. ಮಾಮಾ ಟವಲು ತೆಗೆದು, ಫೋನನ್ನೂ ತಮ್ಮ ಕೈಯನ್ನೂ ಸೇರಿಸಿ ಮುಚ್ಚಿಬಿಟ್ಟರು.

"ಅರೇ ಸಾಬ್, ಅಂಧೇರಾ ಹೋ ಗಯಾ" ಎಂದು ಟವಲಿನೊಳಗಿಂದ ದನಿ ಬಂತು. ಕತ್ತಲಾಯಿತಲ್ಲ, ಫೋನು ಬಿತ್ತೇ, ಕರೆಂಟು ಹೋಯಿತೇ ಎಂದು ಅವರು ಕೇಳುತ್ತಲೇ ಇದ್ದರು. ಮಾಮಾ ಕತ್ತಲಲ್ಲಿ ಗಂಭೀರವಾಗಿ ಬೆರಳು ಮಡಿಸಿ ಬಿಚ್ಚುತ್ತಲೇ ಇದ್ದರು. ಕರೆ ಕಡಿದು ಹೋದೀತೆಂಬ ಭಯಕ್ಕೆ ನಾನು ನನ್ನ ಫೋನಿನ ಟಾರ್ಚು ಹಚ್ಚಿಕೊಂಡು ಟವಲಿನೊಳಗೆ ತಲೆ ತೂರಿಸಿದೆ. ಹಗಲು ಹನ್ನೆರಡಕ್ಕೆ, ಗಾಂಧಿ ಗಂಜಿನ ನಡುವೆ, ಒಂದು ಟವಲಿನೊಳಗೆ ಎರಡು ತಲೆ, ಎರಡು ಫೋನು, ಒಂದು ದೀಪ. ಉಳಿದಿದ್ದ ನಾಲ್ಕು ಜನ ಹಮಾಲರೂ ಎದ್ದು ಬಂದು ಸುತ್ತ ನಿಂತರು.

ಬೆಳಕಿನಲ್ಲಿ ಬೆರಳು ಕಂಡದ್ದೇ ಆ ಕಡೆಯವರು ಕರೆಂಟಿನ ಮಾತು ಬಿಟ್ಟರು. ನಿಧಾನವಾಗಿ ನಕ್ಕರು. ತಮ್ಮ ತಂದೆಯೂ ಕಾಳಿನ ವ್ಯಾಪಾರಿಯಾಗಿದ್ದರಂತೆ. ತಾವೂ ಒಂದು ಛತ್ರಿ ಬಿಚ್ಚಿ ಮರೆ ಮಾಡಿಕೊಂಡು ಬೆರಳು ತೋರಿಸಿದರು. ಇವರು ಮಡಿಸಿದರು, ಅವರು ಬಿಚ್ಚಿದರು, ಇವರು ತಲೆಯಾಡಿಸಿದರು. ಮುಗಿಯಿತು. ದೀಪ ಹಿಡಿದವನು ನಾನು, ಆದರೂ ದರ ಎಷ್ಟೆಂದು ನನಗೆ ಇಂದಿಗೂ ಗೊತ್ತಿಲ್ಲ.

ಶುಕ್ರವಾರ ಮುಕಾದಮ ಬಂದಾಗ ಏಳು ದಬ್ಬಣಗಳು ಓಡುತ್ತಿದ್ದವು. "ನಡೀತೀರೇನ್ರಿ ಬಾಯಿ?" ಎಂದ. "ಕಣ್ಣಿಲ್ಲೇನಪಾ, ಕೆಲಸ ನಡದದ" ಎಂದಳು ಸುಗಲಾಬಾಯಿ. ಹತ್ತು ದಿನ ಊಟ ಶೆಡ್ಡಿನಲ್ಲೇ ಆಯಿತು. ನಾನೂ ರಜೆ ಹಾಕಿ ಸುತಳಿ ಕತ್ತರಿಸಿಕೊಟ್ಟೆ. ಒಂದು ಚೀಲ ಹೊಲಿದೆ ಕೂಡ. ಅದನ್ನು ಸುಗಲಾಬಾಯಿ ಬಿಚ್ಚಿ ಮತ್ತೆ ಹೊಲಿದಳು. ಪಾರ್ವತಿಯ ಜಾಗದಲ್ಲಿ ಯಾರೂ ಕೂಡಲಿಲ್ಲ. ಮಾಮಾ ದಿನಾ ಬೆಳಿಗ್ಗೆ ಅವಳ ಫೋನಿಗೆ ಕರೆ ಮಾಡುತ್ತಿದ್ದರು. ಅದು ದಿನಾ ಬಂದ್ ಆಗಿರುತ್ತಿತ್ತು.

ಲಾರಿ ತುಂಬಿದ ದಿನ ಗೋದಾವರಿಯವರು ಮತ್ತೆ ಕರೆ ಮಾಡಿದರು. ಮುಂದಿನ ತಿಂಗಳಿಗೆ ಇನ್ನಷ್ಟು ಬೇಕಂತೆ. ನಮ್ಮ ಮಾಂಜ್ರಾ ಪ್ರತಿ ವರ್ಷ ಹರಿದು ಹೋಗಿ ಸೇರುವುದು ಅದೇ ಗೋದಾವರಿಯನ್ನು. ಆ ವರ್ಷ ನದಿ ಹೋಗಲಿಲ್ಲ, ನಮ್ಮ ಚೀಲಗಳು ಹೋದವು.

ಲಾರಿ ಗಂಜಿನ ತಿರುವು ದಾಟುವವರೆಗೆ ಮಾಮಾ ನಿಂತು ನೋಡಿದರು. ನನ್ನ ಹೊಟ್ಟೆಯೊಳಗೆ ಹದಿನೈದು ದಿನದಿಂದ ಒಂದು ಮಾತು ಸಿಕ್ಕಿಕೊಂಡಿತ್ತು. ಆ ಒಂದು ಅಂಕಿ ಒತ್ತದಿದ್ದರೆ ಮೂರು ದಿನ ಉಳಿಯುತ್ತಿತ್ತು, ಮೂರು ದಿನ ಉಳಿದಿದ್ದರೆ ಪಾರ್ವತಿಯೂ ಉಳಿಯುತ್ತಿದ್ದಳು. ಅದನ್ನು ಹೇಳಲು ಧೈರ್ಯ ಬರದೆ, "ಎಷ್ಟು ಉಳೀತು ಮಾಮಾ?" ಎಂದು ವ್ಯಾಪಾರದ ಮಾತು ತೆಗೆದೆ.

"ಕೈ ಕೊಡು" ಎಂದರು.

ಟವಲಿನ ಕೆಳಗೆ ನನ್ನ ಐದು ಬೆರಳನ್ನೂ ಒಟ್ಟಿಗೆ ಹಿಡಿದು ಹಿಚುಕಿದರು. ಬಿಟ್ಟು, ಮತ್ತೆ ಎರಡು ಬೆರಳು ಹಿಚುಕಿದರು. ಏಳು. ಅದು ರೂಪಾಯಿಯ ಲೆಕ್ಕವಲ್ಲ ಎಂದು ನನ್ನಂಥ ದಡ್ಡನಿಗೂ ತಿಳಿಯಿತು. ಶೆಡ್ಡಿನ ಒಳಗಿನಿಂದ ಸುಗಲಾಬಾಯಿ ಯಾರನ್ನೋ ಗದರಿಸುವುದು ಕೇಳುತ್ತಿತ್ತು.

ಕೈ ಹಿಂದೆ ತೆಗೆದುಕೊಳ್ಳಲು ಹೋದೆ. ಮಾಮಾ ಬಿಡಲಿಲ್ಲ. ಇನ್ನೊಂದು ಬೆರಳನ್ನು ಹಿಡಿದುಕೊಂಡಿದ್ದರು, ಹಿಚುಕದೆ, ಸುಮ್ಮನೆ. ತುಂಬ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.